ಇದು ಚಿತ್ರಕಾರನ ಕೋವಿ ಅಂತ ಯಾರಾದರೂ ಹೇಳಿದರೆ: ಪರೀಕ್ಷೆ ಮಾಡುವ ಬಗೆ

ಅಮೆರಿಕದ ಮೊಂಟಾನಾ, ವಯೋಮಿಂಗ್ ಕಡೆ ಅಜ್ಜನ ಕಾಲದ ಬೇಟೆ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವಕ್ಕೆ ಒಂದು ಕಥೆ ಅಂಟಿಕೊಂಡಿರುತ್ತದೆ. ಇದು ಚಾರ್ಲಿ ರಸೆಲ್ ಇಟ್ಟುಕೊಂಡಿದ್ದ ರೈಫಲ್, ಇದನ್ನು ಫ್ರೆಡರಿಕ್ ರೆಮಿಂಗ್ಟನ್ ನಮ್ಮ ಮುತ್ತಜ್ಜನಿಗೆ ಕೊಟ್ಟಿದ್ದ, ಹೀಗೆ. ಇಬ್ಬರೂ ಅಮೆರಿಕದ ಪಶ್ಚಿಮ ಸೀಮೆಯ ಬದುಕನ್ನು ಬರೆದ ದೊಡ್ಡ ಚಿತ್ರಕಾರರು. ಹಾಗಾಗಿ ಹೆಸರು ಸೇರಿದ ಕೂಡಲೇ ಕೋವಿಯ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಇಲ್ಲಿನ ಎಸ್ಟೇಟ್ ಸೇಲ್‌ಗಳಿಗೆ (ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನು ಮಾರುವ ಕಡೆಗೆ) ಹೋಗುವ ನಮ್ಮ ಕನ್ನಡದವರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಕೆಲವರು ನನ್ನನ್ನು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ತೋಟಕ್ಕೆ ಹಂದಿ ಬಂದರೆ ಓಡಿಸಲು ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಕೇಪು ಅಂದರೆ ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಲೋಹದ ಟೋಪಿ. ಆಮೇಲೆ ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ನಿವೃತ್ತಿಯಾದೆ. ಈಗ ಮಗಳ ಜೊತೆ ಮೊಂಟಾನಾದ ಗ್ರೇಟ್ ಫಾಲ್ಸ್‌ನಲ್ಲಿದ್ದೇನೆ. ಇದು ರಸೆಲ್ ಬದುಕಿ ಸತ್ತ ಊರು. 1903ರಲ್ಲಿ ಅವನು ಟೆಲಿಫೋನ್ ಕಂಬಗಳಿಗೆ ಬಳಸುವ ಸೀಡರ್ ಮರದ ದಿಮ್ಮಿಗಳಿಂದ ಕಟ್ಟಿಸಿದ ಸ್ಟುಡಿಯೋ ಇವತ್ತಿಗೂ ಅವನ ಹೆಸರಿನ ಮ್ಯೂಸಿಯಂನ ಭಾಗವಾಗಿ ನಿಂತಿದೆ. ಕಬ್ಬಿಣದ ಮೇಲೆ ಫೈಲ್ (ಅರ) ಹೇಗೆ ಓಡಿದೆ, ಸ್ಕ್ರೂ ಯಾವಾಗ ಬದಲಾಗಿದೆ ಅನ್ನುವುದನ್ನು ಓದುವುದೇ ನನ್ನ ಕಸುಬಾಗಿತ್ತು. ಆ ಕಣ್ಣಿನಿಂದಲೇ ಕೋವಿ ನೋಡುತ್ತೇನೆ.

ಮುಟ್ಟುವ ಮುಂಚೆ ಒಂದು ಮಾತು. ನೂರಾರು ವರ್ಷ ಹಳೆಯದಾದರೂ ಕೋವಿಯಲ್ಲಿ ಈಡು ಇದೆ ಅಂತಲೇ ತಿಳಿಯಬೇಕು. ಬಾಯಿಂದ ಮದ್ದು ತುಂಬುವ ಕೋವಿಗಳಲ್ಲಿ ಇದು ನಿಜವಾದ ಅಪಾಯ. ಯಾರೋ ತುಂಬಿ ಗೋಡೆಗೆ ನೇತುಹಾಕಿ ಹೋಗಿರುತ್ತಾರೆ, ಕಪ್ಪು ಮದ್ದು ಒಣಗಿದ್ದರೆ ದಶಕಗಳು ಕಳೆದರೂ ಹತ್ತಿಕೊಳ್ಳುತ್ತದೆ. ಇದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ. ಒಂದು ತೆಳ್ಳಗಿನ ಮರದ ಕೋಲನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಿ. ಮುಖ ನಿಮ್ಮದಾಗಲಿ ಇನ್ನೊಬ್ಬರದಾಗಲಿ ನಳಿಗೆಯ ಬಾಯಿಯ ನೇರಕ್ಕೆ ಬರಬಾರದು. ಬಾಯಿಯ ಹತ್ತಿರ ಕೋಲಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಕೋಲು ತೆಗೆದು ನಳಿಗೆಯ ಹೊರಗೆ, ಅದೇ ಗೆರೆ ಬಾಯಿಗೆ ಬರುವಂತೆ ಒತ್ತಿ ಹಿಡಿಯಿರಿ. ಕೋಲಿನ ತುದಿ ಕೇಪು ಕೂರಿಸುವ ಜಾಗದವರೆಗೆ ಬಂದರೆ ಒಳಗೆ ಖಾಲಿ. ಒಂದೆರಡು ಅಂಗುಲ ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಆಗ ಕೋವಿಯನ್ನು ಕೆಳಗಿಟ್ಟು, ಇಂಥ ಕೋವಿಗಳ ಅಭ್ಯಾಸ ಇರುವ ಗನ್‌ಸ್ಮಿತ್‌ಗೆ ಫೋನ್ ಮಾಡಿ. ನೀವೇ ಕೆದಕಲು ಹೋಗಬೇಡಿ.

ವಿಂಚೆಸ್ಟರ್ ಕಂಪನಿಯದಂಥ ಲಿವರ್ ರೈಫಲ್ (ಟ್ರಿಗರ್ ಹತ್ತಿರದ ಹಿಡಿಕೆ ಆಡಿಸಿ ತೋಟಾ ಏರಿಸುವಂಥದ್ದು) ಆದರೆ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂತಿರುತ್ತವೆ. ಲಿವರ್ ಒಂದು ಸಲ ಆಡಿಸಿದರೆ ಅವುಗಳಲ್ಲಿ ಒಂದು ಮೇಲೆ ಬಂದು ನಳಿಗೆ ಸೇರುತ್ತದೆ. ಗೊತ್ತಿಲ್ಲದವರು ಕುತೂಹಲಕ್ಕೆ ಆಡಿಸಲೇಬಾರದು. ಟ್ರಿಗರ್ ಎಳೆದು ಟಕ್ ಅನ್ನಿಸುವುದೂ ಬೇಡ. ಸವೆದ ಹಳೆಯ ಭಾಗಗಳು ಅದರಿಂದಲೇ ಮುರಿಯುತ್ತವೆ. ಇಂಥ ರೈಫಲ್‌ನಿಂದ ಗುಂಡು ಹೊಡೆಯುವ ಆಸೆಯನ್ನು ಪೂರ್ತಿ ಬಿಡಿ. ಅವುಗಳಲ್ಲಿ ಬಹಳಷ್ಟು ಕಪ್ಪು ಮದ್ದಿನ ಕಾಲದವು. ಇವತ್ತಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಒತ್ತಡ ತಡೆಯದೆ ಒಡೆಯಬಹುದು.

ಎರಡನೆಯ ಮಾತು ಇನ್ನೂ ಮುಖ್ಯ: ಉಜ್ಜಬೇಡಿ. ನಮ್ಮವರಿಗೆ ಹಳೆಯ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಾಕಿ ಫಳಫಳ ಹೊಳೆಯಿಸುವ ಅಭ್ಯಾಸ. ದೇವರ ಮನೆಯ ದೀಪಕ್ಕೆ ಅದು ಸರಿ. ಕೋವಿಯ ಮೇಲಿನ ಕಂದು ಪದರ, ಮರಕ್ಕೆ ಹಿಡಿದ ಕೈಜಿಡ್ಡು, ಕುದುರೆಯ ತಡಿಯ ಮೇಲೆ ಕೂರಿಸಿ ಕೂರಿಸಿ ಸವೆದ ಜಾಗ, ಇವೆಲ್ಲ ಸಾಕ್ಷಿಗಳು. ಸ್ಟೀಲ್ ವುಲ್ (ಉಕ್ಕಿನ ನಾರು) ಹಿಡಿದು ಅರ್ಧ ಗಂಟೆ ಉಜ್ಜಿದರೆ ನೂರೈವತ್ತು ವರ್ಷದ ಸಾಕ್ಷಿ ನೆಲಕ್ಕೆ ಬೀಳುತ್ತದೆ. ಮತ್ತೆ ಬರುವುದಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಬೆವರಿನ ಉಪ್ಪು ಕಬ್ಬಿಣಕ್ಕೆ ಆಗುವುದಿಲ್ಲ. ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿ. ನೋಡಿ, ಫೋಟೋ ತೆಗೆಯಿರಿ, ಅಷ್ಟೇ.

ಈಗ ಓದುವ ಕೆಲಸ. ಉದಾಹರಣೆಗೆ ನಮ್ಮ ಪಕ್ಕದ ಮನೆಯ ಅಜ್ಜಿಯ ರೈಫಲ್ ತೆಗೆದುಕೊಳ್ಳೋಣ. ಅದು 1873ರ ಮಾದರಿಯ ವಿಂಚೆಸ್ಟರ್. ಮನೆತನದ ಮಾತಿನ ಪ್ರಕಾರ ರಸೆಲ್ ಅದನ್ನು ಅಜ್ಜಿಯ ತಾತನಿಗೆ ಮಾರಿದ್ದ. ಕೇಳಲು ಚೆಂದದ ಕಥೆ. ಆದರೆ ಕಥೆಯಿಂದ ಶುರು ಮಾಡಬಾರದು, ಕಬ್ಬಿಣದಿಂದ ಶುರು ಮಾಡಬೇಕು. ಕಥೆ ಕೇಳಿ ಆಮೇಲೆ ಕೋವಿ ನೋಡಿದರೆ ಪ್ರತಿ ಗೀರಿನಲ್ಲೂ ಕಥೆಯೇ ಕಾಣುತ್ತದೆ.

ಮೊದಲು ನಳಿಗೆಯ ಮೇಲಿನ ಅಕ್ಷರ. 1873ರ ಮಾದರಿಯ ನಳಿಗೆಯ ಮೇಲೆ ವಿಂಚೆಸ್ಟರ್ ಕಂಪನಿಯ ಹೆಸರು, ನ್ಯೂ ಹೇವನ್ ಅಂತ ಊರು, ಜೊತೆಗೆ 1866 ಮತ್ತು 1860ರ ತಾರೀಕುಗಳು ಇರುತ್ತವೆ. ಆ ಅಜ್ಜಿ ತಮ್ಮ ರೈಫಲ್ 1860ರದ್ದು ಅಂತಲೇ ನಂಬಿದ್ದರು. ಅವು ಪೇಟೆಂಟ್ ಸಿಕ್ಕ ತಾರೀಕುಗಳು. ಕೋವಿ ತಯಾರಾದದ್ದು ಯಾವಾಗ ಅಂತ ತಿಳಿಯಲು ಸೀರಿಯಲ್ ನಂಬರ್ ಬೇಕು. ಈ ಮಾದರಿಯಲ್ಲಿ ಅದು ಅಡಿಭಾಗದಲ್ಲಿ, ಟ್ರಿಗರ್ ಹಿಂದೆ ಮರಕ್ಕೆ ಕೂತಿರುವ ಕಬ್ಬಿಣದ ಪಟ್ಟಿಯ ಮೇಲೆ ಇರುತ್ತದೆ. 1894ರ ಮಾದರಿಯಲ್ಲಿ ರಿಸೀವರ್‌ನ (ನಳಿಗೆಯ ಹಿಂದೆ ಯಂತ್ರ ಕೂತಿರುವ ಲೋಹದ ಭಾಗದ) ಅಡಿಯಲ್ಲಿ, ಮುಂಭಾಗಕ್ಕೆ ಇರುತ್ತದೆ. ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಂಕೆಯೂ ಓದಲು ಸಿಗುತ್ತದೆ. ಅಂಕೆಗಳ ಸುತ್ತ ಲೋಹ ತಗ್ಗಿದ್ದರೆ, ಅಂಕೆಗಳು ಸಾಲು ತಪ್ಪಿದ್ದರೆ, ಅಲ್ಲಿ ಯಾರೋ ಫೈಲ್ ಓಡಿಸಿ ಹೊಸದಾಗಿ ಪಂಚ್ ಹೊಡೆದಿರಬಹುದು.

ನಂಬರ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ವಯೋಮಿಂಗ್‌ನ ಕೋಡಿ ಊರಿನ ಬಫಲೋ ಬಿಲ್ ಸೆಂಟರ್‌ನಲ್ಲಿ ಕೋವಿಗಳ ದೊಡ್ಡ ಮ್ಯೂಸಿಯಂ ಇದೆ. ಹಳೆಯ ವಿಂಚೆಸ್ಟರ್ ಕಾರ್ಖಾನೆಯ ಲೆಡ್ಜರ್‌ಗಳು ಅಲ್ಲಿವೆ. ಎಲ್ಲ ಮಾದರಿಗೂ, ಎಲ್ಲ ವರ್ಷಕ್ಕೂ ಲೆಡ್ಜರ್ ಇಲ್ಲ, ಇದ್ದರೆ ಶುಲ್ಕ ಕಟ್ಟಿದ ಮೇಲೆ ನಿಮ್ಮ ನಂಬರಿನ ವಿವರ ಪತ್ರದಲ್ಲಿ ಬರೆದು ಕಳಿಸುತ್ತಾರೆ. ಯಾವ ಕ್ಯಾಲಿಬರ್ (ಗುಂಡಿನ ಅಳತೆ), ನಳಿಗೆ ದುಂಡೋ ಎಂಟು ಮೂಲೆಯದೋ, ಗೋದಾಮಿಗೆ ಬಂದದ್ದು ಯಾವತ್ತು, ಅಲ್ಲಿಂದ ಹೊರಟದ್ದು ಯಾವತ್ತು ಅನ್ನುವುದೆಲ್ಲ ಅದರಲ್ಲಿರುತ್ತದೆ. ಆದರೆ ಯಾರಿಗೆ ಮಾರಿದರು ಅನ್ನುವುದು ಸಾಮಾನ್ಯವಾಗಿ ಇರುವುದಿಲ್ಲ. ಕಾರ್ಖಾನೆ ಪತ್ರ ಇದೆ, ಆದ್ದರಿಂದ ಇದು ಇಂಥವನದೇ ಕೋವಿ ಅಂತ ಮಾರುವವನು ಹೇಳಿದರೆ ಪತ್ರವನ್ನು ನೀವೇ ಓದಿ. ಕೋಲ್ಟ್ ಅನ್ನುವ ಇನ್ನೊಂದು ಕೋವಿ ಕಂಪನಿಯ ದಾಖಲೆ ಪತ್ರದಲ್ಲಾದರೆ ಕೋವಿ ಯಾರಿಗೆ ಹೋಯಿತು ಅನ್ನುವುದು ಇರುತ್ತದೆ. ಅದೂ ಬಹಳ ಸಲ ಅಂಗಡಿಯ ಹೆಸರು, ಕೊಂಡವನದಲ್ಲ.

ಅಜ್ಜಿಯ ರೈಫಲ್‌ಗೆ ಪತ್ರ ತರಿಸಿದೆವು. ಅದರಲ್ಲಿ ಎಂಟು ಮೂಲೆಯ ನಳಿಗೆ ಅಂತ ಇತ್ತು. ಟೇಬಲ್ ಮೇಲೆ ಇದ್ದದ್ದು ದುಂಡು ನಳಿಗೆ. ಅಂದರೆ ಯಾವುದೋ ಕಾಲದಲ್ಲಿ ನಳಿಗೆ ಬದಲಾಗಿದೆ. ಇದರಿಂದ ಕಥೆ ಸುಳ್ಳು ಅಂತ ಆಗುವುದಿಲ್ಲ. ಇಲ್ಲಿನ ರೈತರು, ದನ ಕಾಯುವವರು ನಳಿಗೆ ಹಾಳಾದರೆ ಬದಲಿಸುತ್ತಿದ್ದರು, ಕೋವಿ ಅವರಿಗೆ ದಿನಬಳಕೆಯ ವಸ್ತು. ಆದರೆ ಮಾರುವಾಗ ಎಲ್ಲ ಭಾಗ ಮೂಲದ್ದೇ ಅಂತ ಹೇಳುವ ಹಾಗಿಲ್ಲ.

ತಾರೀಕು ಸಿಕ್ಕ ಕೂಡಲೇ ಚಿತ್ರಕಾರನ ಬದುಕಿನ ಪಕ್ಕ ಇಟ್ಟು ನೋಡಿ. ರೆಮಿಂಗ್ಟನ್ ಹುಟ್ಟಿದ್ದು 1861ರಲ್ಲಿ, ಸತ್ತದ್ದು 1909ರ ಡಿಸೆಂಬರ್ 26ಕ್ಕೆ. ರಸೆಲ್ ಹುಟ್ಟಿದ್ದು 1864ರಲ್ಲಿ, ಸತ್ತದ್ದು 1926ರ ಅಕ್ಟೋಬರ್ 24ಕ್ಕೆ. 1912ರಲ್ಲಿ ಕಾರ್ಖಾನೆ ಬಿಟ್ಟ ಕೋವಿ ರೆಮಿಂಗ್ಟನ್ ಕೈ ಸೇರಲು ಸಾಧ್ಯವೇ ಇಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಬೇಕು. ರಸೆಲ್ ಮೊಂಟಾನಾಕ್ಕೆ ಬಂದದ್ದು 1880ರಲ್ಲಿ, ಹದಿನಾರನೇ ವಯಸ್ಸಿಗೆ. ಸ್ವಲ್ಪ ದಿನ ಕುರಿ ಕಾದ. ಆಮೇಲೆ ಜೇಕ್ ಹೂವರ್ ಅನ್ನುವ ಬೇಟೆಗಾರನ ಗುಡಿಸಲಿನಲ್ಲಿದ್ದ. ಹೂವರ್ ಜಿಂಕೆ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆದು ಸುತ್ತಲಿನವರಿಗೆ ಮಾಂಸ ಮಾರುತ್ತಿದ್ದ. 1882ರ ಹೊತ್ತಿಗೆ ರಸೆಲ್ ರಾತ್ರಿ ಪಾಳಿಯಲ್ಲಿ ದನ ಕಾಯುವ ಕೆಲಸಕ್ಕೆ ಸೇರಿದ. ಆದ್ದರಿಂದ 1879ರಲ್ಲಿ ರಸೆಲ್ ಮೊಂಟಾನಾದಲ್ಲಿ ಈ ಕೋವಿಯಿಂದ ಎಲ್ಕ್ ಹೊಡೆದ ಅಂತ ಯಾರಾದರೂ ಹೇಳಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ರೆಮಿಂಗ್ಟನ್ ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ರೆಮಿಂಗ್ಟನ್ ಅನ್ನುವುದು ಕೋವಿ ಕಂಪನಿಯ ಹೆಸರೂ ಹೌದು. 1816ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಎಲಿಫಲೆಟ್ ರೆಮಿಂಗ್ಟನ್ ಅದನ್ನು ಶುರು ಮಾಡಿದ. ಚಿತ್ರಕಾರ ಅವನ ದೂರದ ಸಂಬಂಧಿ. ಅಜ್ಜ ಸುಮ್ನೆ ರೆಮಿಂಗ್ಟನ್ ರೈಫಲ್ ಅಂದದ್ದು ಮೊಮ್ಮಗನ ಬಾಯಲ್ಲಿ ರೆಮಿಂಗ್ಟನ್‌ನ ರೈಫಲ್ ಆಗಲು ಎಷ್ಟು ಹೊತ್ತು ಬೇಕು? ಕೋವಿಯ ಮೇಲೆ ಆ ಕಂಪನಿಯ ಛಾಪು ಇದ್ದರೆ ನಾನು ಕಥೆಯನ್ನು ಎರಡು ಪಟ್ಟು ಅನುಮಾನದಿಂದ ನೋಡುತ್ತೇನೆ.

ಈಗ ನನಗೆ ತುಂಬ ಇಷ್ಟವಾದ ಭಾಗ, ಕೈಕೆಲಸದ ಪರೀಕ್ಷೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು ಇಟ್ಟುಕೊಳ್ಳಿ. ಮೊದಲು ಸ್ಕ್ರೂಗಳನ್ನು ನೋಡಿ. ಹಳೆಯ ಕೋವಿಯ ಸ್ಕ್ರೂಗಳ ತಲೆಯ ಸೀಳು ಕಿರಿದು, ನೇರ. ಅಗಲ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದರೆ ಅಂಚು ಹರಿದಿರುತ್ತದೆ. ಒಳಗೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ಪ್ಲಸ್ ಆಕಾರದ ತಲೆಯ ಸ್ಕ್ರೂ ಕಂಡರಂತೂ ಅದು 1930ರ ದಶಕದ್ದು ಇಲ್ಲವೇ ಅದರ ನಂತರದ್ದು. ಅಂಥ ಸ್ಕ್ರೂಗೆ ಫಿಲಿಪ್ಸ್ ಪೇಟೆಂಟ್ ಪಡೆದದ್ದೇ ಆಗ.

ಆಮೇಲೆ ಹೆಸರು, ಇನಿಷಿಯಲ್, ಕೆತ್ತನೆ. ಚಿತ್ರಕಾರನ ಹೆಸರು ಕೋವಿಯ ಮೇಲೆ ಇದ್ದರೆ ಜನ ತಕ್ಷಣ ಕರಗಿಬಿಡುತ್ತಾರೆ. ಆದರೆ ಇದೇ ಎಲ್ಲಕ್ಕಿಂತ ಸುಲಭದ ನಕಲು. ರಸೆಲ್ ತನ್ನ ಸಹಿಯ ಜೊತೆ ಕಾಡೆಮ್ಮೆಯ ತಲೆಬುರುಡೆ ಬಿಡಿಸುತ್ತಿದ್ದ. ಅದನ್ನು ಮರದ ಹಿಡಿಯ ಮೇಲೆ ಕೆತ್ತಲು ಒಂದು ಚೂಪು ಚಾಕು, ಒಂದು ಮಧ್ಯಾಹ್ನ ಸಾಕು. ಲೂಪ್ ಹಿಡಿದು ಗೆರೆಯ ಒಳಗೆ ನೋಡಿ. ಹಳೆಯ ಕೆತ್ತನೆಯಾದರೆ ಗೆರೆಯ ತಳವೂ ಸುತ್ತಲಿನ ಮರದಷ್ಟೇ ಕಪ್ಪಾಗಿರಬೇಕು, ಅಂಚುಗಳು ಕೈತಾಗಿ ನುಣ್ಣಗಾಗಿರಬೇಕು. ಹಳೆಯ ಗೀರುಗಳು ಅಕ್ಷರದ ಮೇಲೆ ಹಾದುಹೋಗಿರಬೇಕು. ಅಕ್ಷರವೇ ಗೀರುಗಳನ್ನು ಕತ್ತರಿಸಿಕೊಂಡು ಹೋಗಿದ್ದರೆ, ಗೀರು ಮೊದಲು, ಅಕ್ಷರ ಆಮೇಲೆ. ಲೋಹದ ಮೇಲೂ ಇದೇ ಲೆಕ್ಕ. ಕತ್ತಲ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಾಕಿದರೆ ಹಳೆಯ ಅರಗಿನ ಪಾಲಿಶ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಹೊಸ ವಾರ್ನಿಷ್, ಅಂಟು ಬೇರೆ ಬಣ್ಣಕ್ಕೆ ಹೊಳೆಯುವುದರಿಂದ ತೇಪೆ ಹಾಕಿದ ಜಾಗ ಎದ್ದು ಕಾಣುತ್ತದೆ.

ಕೆಲವು ರೈಫಲ್‌ಗಳ ಹಿಡಿಯಲ್ಲಿ ಹಿತ್ತಾಳೆ ಮೊಳೆಗಳ ಸಾಲು ಇರುತ್ತದೆ. ಬಯಲು ಸೀಮೆಯ ಮೂಲನಿವಾಸಿಗಳು ತಮ್ಮ ಕೋವಿಗಳನ್ನು ಹೀಗೆ ಸಿಂಗರಿಸುತ್ತಿದ್ದರು. ಇದರ ನಕಲುಗಳೂ ಬೇಕಾದಷ್ಟಿವೆ. ಒಂದು ಸಣ್ಣ ಆಯಸ್ಕಾಂತವನ್ನು ಮೊಳೆಯ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆ ಲೇಪದ ಕಬ್ಬಿಣ, ಇತ್ತೀಚಿನದು ಆಗಿರಬಹುದು. ಅಂಟದಿದ್ದರೆ ಅಷ್ಟಕ್ಕೇ ಹಳೆಯದು ಅಂತ ತೀರ್ಮಾನಿಸಬೇಡಿ, ಮೊಳೆಯ ಸುತ್ತ ಮರ ಕಪ್ಪಾಗಿದೆಯೇ, ಮೊಳೆಯ ತಲೆ ಸವೆದಿದೆಯೇ ನೋಡಿ.

ಈ ಮೊಳೆಗಳ ವಿಷಯ ಬಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ರಸೆಲ್, ರೆಮಿಂಗ್ಟನ್ ಇಬ್ಬರೂ ಸ್ಟುಡಿಯೋದಲ್ಲಿ ಮೂಲನಿವಾಸಿಗಳ ಬಟ್ಟೆ, ಆಯುಧ, ಕುದುರೆ ಸಾಮಾನು ತುಂಬಿಕೊಂಡಿದ್ದರು. ಚಿತ್ರ ಬರೆಯುವಾಗ ನೋಡಿಕೊಳ್ಳಲು ಅವು ಬೇಕಿತ್ತು. ಅಂದರೆ ಚಿತ್ರಕಾರನ ಕೈಗೆ ಬರುವ ಮುಂಚೆ ಅಂಥ ಕೋವಿಗೆ ಒಬ್ಬ ಒಡೆಯ ಇದ್ದ. ಬ್ಲ್ಯಾಕ್‌ಫೀಟ್ ಬುಡಕಟ್ಟಿನವನಿರಬಹುದು, ಕ್ರೋ ಇರಬಹುದು, ಲಕೋಟಾ ಇರಬಹುದು. ಅದರಿಂದ ಅವನು ಮನೆಮಂದಿಗೆ ಅನ್ನ ಹುಟ್ಟಿಸಿರಬಹುದು. ಪ್ರಸಿದ್ಧ ಹೆಸರು ಸಿಕ್ಕ ಕೂಡಲೇ ಎಲ್ಲರೂ ಅವನನ್ನು ಬಿಟ್ಟುಬಿಡುತ್ತಾರೆ. ದಾಖಲೆ ಬರೆಯುವಾಗ ಮೊಳೆಗಳ ಸಾಲನ್ನು, ಕಟ್ಟಿದ ಹಸಿ ಚರ್ಮದ ಪಟ್ಟಿಯನ್ನು, ಎಲ್ಲವನ್ನೂ ಅಷ್ಟೇ ಗಮನದಿಂದ ಬರೆಯಿರಿ. ಹಳೆಯ ದುರಸ್ತಿಯನ್ನು ಕೊಳಕು ಅಂತ ಕಿತ್ತು ಹಾಕಬೇಡಿ.

ಇನ್ನು ಚಿತ್ರಗಳೇ ಹೇಳುವ ಸಾಕ್ಷಿ. ಇದು ಚಿತ್ರಕಾರರ ಕೋವಿಗಳಿಗೆ ಮಾತ್ರ ಇರುವ ದಾರಿ, ಅಲ್ವಾ? ಯಾವುದೋ ಚಿತ್ರದಲ್ಲಿ ಇದೇ ರೈಫಲ್ ಇದೆ ಅಂತ ಮಾರುವವರು ತೋರಿಸುತ್ತಾರೆ. ರಸೆಲ್ ಬೇಟೆಯ ಚಿತ್ರಗಳನ್ನು ಬಹಳ ಚೆನ್ನಾಗಿ ಬರೆದಿದ್ದಾನೆ. ಹೊಡೆದ ಕಾಡುಕುರಿ ಕೈಗೆಟುಕದ ಬಂಡೆಯ ಅಂಚಿನಲ್ಲಿ ಬಿದ್ದಿದೆ, ಬೇಟೆಗಾರ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾನೆ, ಅಂಥ ಚಿತ್ರ ಒಂದಿದೆ. ನೋಡಿದರೆ ಆ ಚಳಿಯೇ ಮೈಗೆ ಹತ್ತುತ್ತದೆ. ಆದರೆ ಚಿತ್ರದಲ್ಲಿ ಮಾದರಿ ಗುರುತಿಸಬಹುದು, ನಂಬರ್ ಓದಲಾಗುವುದಿಲ್ಲ. 1873ರ ವಿಂಚೆಸ್ಟರ್ ಏಳು ಲಕ್ಷಕ್ಕೂ ಜಾಸ್ತಿ ತಯಾರಾದವು. ಮಾದರಿ ಹೊಂದಿದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ಕೆಲವು ಚಿತ್ರಗಳು ಜಾಹೀರಾತೇ ಆಗಿದ್ದವು. 1850ರ ದಶಕದಲ್ಲಿ ಕೋಲ್ಟ್ ಕಂಪನಿಯ ಸ್ಯಾಮ್ಯುಯೆಲ್ ಕೋಲ್ಟ್ ದುಡ್ಡು ಕೊಟ್ಟು ಜಾರ್ಜ್ ಕ್ಯಾಟ್ಲಿನ್ ಅನ್ನುವ ಚಿತ್ರಕಾರನ ಕೈಯಲ್ಲಿ ತನ್ನ ಕೋವಿಗಳ ಬೇಟೆ ದೃಶ್ಯಗಳನ್ನು ಬರೆಸಿದ. ಕ್ಯಾಟ್ಲಿನ್ ಹತ್ತಿರ ಆರು ಗುಂಡಿನ ಕೋಲ್ಟ್ ರೈಫಲ್ ಇದ್ದದ್ದೂ ನಿಜ. ಅದಕ್ಕೆ ಸ್ಯಾಮ್ ಅಂತ ಹೆಸರಿಟ್ಟು ತನ್ನ ಬರಹದಲ್ಲಿ ನೆನೆದಿದ್ದಾನೆ. ಇಷ್ಟು ಗಟ್ಟಿ ದಾಖಲೆ ಇರುವಾಗಲೂ, ನಿಮ್ಮ ಮುಂದಿರುವ ಕೋಲ್ಟ್ ಆ ಸ್ಯಾಮ್ ಹೌದೋ ಅಲ್ಲವೋ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಚಿತ್ರಕ್ಕಿಂತ ಹಳೆಯ ಫೋಟೋ ನೂರು ಪಾಲು ಮೇಲು. ಚಿತ್ರಕಾರ ಕೋವಿ ಹಿಡಿದು ನಿಂತ ಫೋಟೋ, ಸ್ಟುಡಿಯೋದ ಗೋಡೆಯ ಫೋಟೋ ಸಿಕ್ಕರೆ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ. ಮರದ ಹಿಡಿಯ ನಾರಿನ ಗೆರೆಗಳನ್ನು ಹುಡುಕಿ. ಪ್ರತಿ ಮರದ ತುಂಡಿಗೂ ನಾರಿನ ಓಟ ಬೇರೆ, ಅದನ್ನು ನಕಲು ಮಾಡಲು ಆಗುವುದಿಲ್ಲ. ಒಂದು ಬಿರುಕು, ಒಂದು ಗಂಟು, ಇಲ್ಲದ ಒಂದು ಸ್ಕ್ರೂ, ಬಾಗಿದ ಮುಂದಿನ ಸೈಟ್ (ಗುರಿ ನೋಡುವ ಕಡ್ಡಿ) ಎರಡೂ ಕಡೆ ಒಂದೇ ಜಾಗದಲ್ಲಿ ಕಂಡರೆ ಅದು ಗಟ್ಟಿ ಸಾಕ್ಷಿ. ಫೋಟೋದಲ್ಲಿ ಇದ್ದ ಕೋನದಿಂದಲೇ ನಿಮ್ಮ ಕೋವಿಯ ಫೋಟೋ ತೆಗೆದು ಅಕ್ಕಪಕ್ಕ ಇಡಿ.

ಕೊನೆಗೆ ಕಾಗದಗಳು. ಚಿತ್ರಕಾರನಿಂದ ಇವತ್ತಿನ ಒಡೆಯನವರೆಗೆ ಕೋವಿ ಕೈ ಬದಲಾಯಿಸಿದ ಪ್ರತಿ ಹೆಜ್ಜೆಗೂ ಒಂದು ಕಾಗದ ಬೇಕು, ಒಂದಾದರೂ ಕಾಗದದಲ್ಲಿ ಸೀರಿಯಲ್ ನಂಬರ್ ಇರಬೇಕು. ನೋಟರಿ ಮುಂದೆ ಬರೆಸಿದ ಮನೆಯವರ ಹೇಳಿಕೆ ಒಳ್ಳೆಯದೇ, ಆದರೆ ಅದು ನೆನಪಿನ ಸಾಕ್ಷಿ, ಅದೊಂದೇ ಸಾಲದು. ಚಿತ್ರಕಾರ ಸತ್ತ ಮೇಲೆ ಆಸ್ತಿ ಪಟ್ಟಿ ಕೋರ್ಟಿಗೆ ಹೋಗಿರುತ್ತದೆ. ಇಲ್ಲಿ ಕೌಂಟಿ ಕೋರ್ಟಿನ ವಿಲ್ ದಾಖಲೆಗಳನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಕೇಳಿ ನೋಡಬಹುದು. ಗ್ರೇಟ್ ಫಾಲ್ಸ್ ಇರುವುದು ಕ್ಯಾಸ್ಕೇಡ್ ಕೌಂಟಿಯಲ್ಲಿ. ರಸೆಲ್ ಗೆಳೆಯರಿಗೆ ಚಿತ್ರ ಬಿಡಿಸಿ ಪತ್ರ ಬರೆಯುತ್ತಿದ್ದ, ಅವುಗಳಲ್ಲಿ ಬಹಳಷ್ಟು ಉಳಿದಿವೆ. ರೆಮಿಂಗ್ಟನ್ ಸ್ಟುಡಿಯೋದ ಸಾಮಾನು ಕೋಡಿಯಲ್ಲಿದೆ. ಅವನ ಹೆಸರಿನ ಇನ್ನೊಂದು ಮ್ಯೂಸಿಯಂ ನ್ಯೂಯಾರ್ಕ್ ರಾಜ್ಯದ ಆಗ್ಡೆನ್ಸ್‌ಬರ್ಗ್‌ನಲ್ಲಿದೆ. ಇಂಥ ಕಡೆ ಬರೆಯುವಾಗ ಇದರ ಬೆಲೆ ಎಷ್ಟು ಅಂತ ಕೇಳಬೇಡಿ, ಮ್ಯೂಸಿಯಂಗಳು ಸಾಮಾನ್ಯವಾಗಿ ಬೆಲೆ ಹೇಳುವುದಿಲ್ಲ. ಸ್ಟುಡಿಯೋದ ಸಾಮಾನು ಪಟ್ಟಿಯಲ್ಲಿ ಈ ಮಾದರಿಯ, ಈ ನಂಬರಿನ ರೈಫಲ್ ಇದೆಯೇ ಅಂತ ಒಂದೇ ನೇರ ಪ್ರಶ್ನೆ ಕೇಳಿ, ಫೋಟೋ ಜೊತೆಗಿಡಿ. ಅಂಥ ಪ್ರಶ್ನೆಗೆ ಉತ್ತರ ಹುಡುಕಲು ಅವರಿಗೂ ಸುಲಭ.

ಕೊಳ್ಳುವವರಾದರೆ ಮಾರುವವನಿಂದ ಎರಡು ಬೆಲೆ ಹೇಳಿಸಿ. ಈ ಕಥೆ ಇಲ್ಲದಿದ್ದರೆ ಎಷ್ಟು, ಕಥೆ ಸೇರಿದರೆ ಎಷ್ಟು. ನಡುವಿನ ದುಡ್ಡು ಕೇವಲ ಕಾಗದಕ್ಕೆ ಕೊಡುವಂಥದ್ದು. ಕಾಗದ ಕೈಯಲ್ಲಿ ಇಲ್ಲದಿದ್ದರೆ ಆ ದುಡ್ಡೂ ಕೊಡಬೇಡಿ. ಕಾನೂನಿನ ವಿಷಯ: ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದ ಕೋವಿ ಪುರಾತನ ವಸ್ತು. 1894ರ ಮಾದರಿಯ ವಿಂಚೆಸ್ಟರ್ ಆ ಗಡಿಯ ಎರಡೂ ಕಡೆ ಇರುವುದರಿಂದ ಅದರ ನಂಬರ್ ನೋಡದೆ ಮುಂದುವರಿಯಬೇಡಿ. ರಾಜ್ಯದ ಕಾನೂನು ಬೇರೆ ಇರಬಹುದು, ವಿಚಾರಿಸಿ. ಊರಿಗೆ ಒಯ್ಯುವ ಯೋಚನೆ ಇದ್ದರೆ ಭಾರತದ ಲೈಸೆನ್ಸ್ ವಿಷಯ ಬಗೆಹರಿಯದೆ ವಿಮಾನದ ಟಿಕೆಟ್ ಕೂಡ ಮಾಡಿಸಬೇಡಿ.

ಇಡುವ ಬಗೆ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ, ಅದು ಹೀರಿಕೊಳ್ಳುವ ತೇವ ಎರಡೂ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಗಾಳಿಯ ತೇವಾಂಶ ನೂರಕ್ಕೆ 45ರಿಂದ 50ರ ಹತ್ತಿರ ಒಂದೇ ಸಮ ಇರಲಿ, ಏರಿಳಿತ ಆದರೆ ಮರ ಬಿರುಕು ಬಿಡುತ್ತದೆ. ಲೋಹಕ್ಕೆ ರಿನೈಸಾನ್ಸ್ ವ್ಯಾಕ್ಸ್ ತೆಳ್ಳಗೆ ಹಚ್ಚಬಹುದು, ಬ್ರಿಟಿಷ್ ಮ್ಯೂಸಿಯಂ ತನ್ನ ವಸ್ತುಗಳಿಗಾಗಿಯೇ ಸಿದ್ಧಪಡಿಸಿದ ಮೇಣ ಅದು. ಅದನ್ನೂ ಎಲ್ಲ ಫೋಟೋ ತೆಗೆದಾದ ಮೇಲೆಯೇ ಹಚ್ಚಿ.

ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಡಿ. ಪತ್ತೆಯಾದದ್ದು ಒಂದು ಕಡೆ, ಮನೆಯವರು ಹೇಳುವುದು ಇನ್ನೊಂದು ಕಡೆ, ಎರಡನ್ನೂ ಬೆರೆಸಬೇಡಿ. ಅಜ್ಜಿ ಈಗ ಹಾಗೆಯೇ ಮಾಡಿದ್ದಾರೆ. ಮೇಲೆ ಮಾದರಿ, ನಂಬರ್, ಕಾರ್ಖಾನೆ ಬಿಟ್ಟ ದಿನ, ನಳಿಗೆ ಬದಲಾಗಿದೆ ಅನ್ನುವ ಮಾತು. ಕೆಳಗೆ, ರಸೆಲ್ ಮಾರಿದ್ದೆಂದು ನನ್ನ ತಾಯಿ ಹೇಳುತ್ತಿದ್ದರು, ಅವರಿಗೆ ಅವರ ತಂದೆ ಹೇಳಿದ್ದರು ಅಂತ ತಮ್ಮ ಕೈಯಾರೆ ಬರೆದು ತಾರೀಕು ಹಾಕಿದ್ದಾರೆ. ಅದರ ಒಂದು ಪ್ರತಿ ಮೊಮ್ಮಗಳ ಹತ್ತಿರ ಇದೆ. ನೀವೂ ಕಾಗದಗಳನ್ನು ಕೋವಿಯ ಪೆಟ್ಟಿಗೆಯಲ್ಲೇ ಇಡಬೇಡಿ. ಎಣ್ಣೆ ತಾಗಿ ಹಾಳಾಗುತ್ತವೆ, ಕಳ್ಳತನವಾದರೆ ಎರಡೂ ಒಟ್ಟಿಗೆ ಹೋಗುತ್ತವೆ.